ಜಾಮೀನು ಅರ್ಜಿಯ ಆರನೆಯ ಪ್ಯಾರಾ

ನಮ್ಮ ಬೀದಿಯ ಕೊನೆಯ ಮನೆಯ ಹುಡುಗಿಗೆ ಹೋದ ವಾರ ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಸಿಹಿ ಕೊಡಲು ಬಂದವಳು, "ಆಂಟಿ, ನೀವು ಅಷ್ಟು ವರ್ಷ ಮಾಡಿದ್ದೀರಲ್ಲ, ಮುಖ್ಯವಾಗಿ ಏನು ನೋಡ್ಕೋಬೇಕು?" ಎಂದು ಕೇಳಿದಳು. ಎಡಗಡೆ ಅಂಚು ಅಗಲವಾಗಿ ಬಿಡಬೇಕು, ದಾರ ಪೋಣಿಸಿ ಕಟ್ಟುವಾಗ ಅಕ್ಷರ ಮುಚ್ಚಿಹೋಗಬಾರದು ಎಂದೆ. ತಲೆಯಾಡಿಸಿ ಹೋದಳು. ಗೇಟಿನ ಚಿಲಕ ಬಿದ್ದ ಸದ್ದು ಕೇಳಿದ ಮೇಲೆ ನನಗೆ ನಾಚಿಕೆಯಾಯಿತು. ಹೇಳಬೇಕಾದದ್ದು ಅಷ್ಟೇ ಆಗಿರಲಿಲ್ಲ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಬರೆದರೆ ಬರಬಹುದು ಎಂದು ಕೂತಿದ್ದೇನೆ.

ನಾನು ವಕೀಲೆಯಲ್ಲ, ಗೃಹಿಣಿ. ಇಬ್ಬರು ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಿ, ಸಾರಿಗೆ ಒಗ್ಗರಣೆ ಹಾಕಿ ಮುಚ್ಚಿಟ್ಟು, ಹತ್ತೂವರೆಗೆ ಯಾದವಗಿರಿಯ ಒಂದು ಹಳೆಯ ಬಂಗಲೆಯ ಮುಂದಿನ ಕೋಣೆಯಲ್ಲಿ ಕೂರುತ್ತಿದ್ದೆ. ಅದು ಕ್ರಿಮಿನಲ್ ವಕೀಲರಾದ ವಿರೂಪಾಕ್ಷಯ್ಯನವರ ಮನೆ, ಕಚೇರಿ ಎರಡೂ. ಇಪ್ಪತ್ತೊಂದು ವರ್ಷ ಅಲ್ಲಿ ಟೈಪ್ ಮಾಡಿದೆ. ಸರ್ ಹಣೆಗೆ ವಿಭೂತಿ ಇಲ್ಲದೆ ಕೋಟು ತೊಡುತ್ತಿರಲಿಲ್ಲ. ನಾನು ಚರ್ಚಿನ ಭಾನುವಾರದ ಪೂಜೆ ತಪ್ಪಿಸಿದವಳಲ್ಲ. ಮೊದಲ ದಿನ ಅವರು ಕೇಳಿದ್ದು ಎರಡೇ ಪ್ರಶ್ನೆ.

"ಎಲ್ಲಿ ಓದಿದ್ರಿ?"

"ಕಾನ್ವೆಂಟಲ್ಲಿ ಸರ್. ಆಮೇಲೆ ಟೈಪಿಂಗು, ಕನ್ನಡ ಇಂಗ್ಲಿಷ್ ಎರಡೂ."

"ಸಿಸ್ಟರುಗಳು ಹೊಡೀತಿದ್ರಾ?"

"ಸ್ಕೇಲಲ್ಲಿ ಸರ್. ಬೆರಳ ಗಂಟಿನ ಮೇಲೆ."

"ಹಾಗಾದ್ರೆ ನಾಳೆಯಿಂದ ಬನ್ನಿ."

ಸೇರಿದ ಎರಡನೆಯ ತಿಂಗಳಲ್ಲೇ ಒಂದು ಹೊಡೆದಾಟದ ಕೇಸಿನಲ್ಲಿ ಆರೋಪಿಯ ಹೆಸರಿನ ಜಾಗದಲ್ಲಿ ಏಟು ತಿಂದವನ ಹೆಸರು ಹಾಕಿಬಿಟ್ಟಿದ್ದೆ. ನ್ಯಾಯಾಧೀಶರು ಕನ್ನಡಕ ತೆಗೆದು, "ಏನ್ರೀ, ತಲೆ ಒಡೆಸಿಕೊಂಡವನಿಗೆ ಜಾಮೀನು ಕೇಳ್ತಿದ್ದೀರಲ್ಲ!" ಎಂದರಂತೆ. ನ್ಯಾಯಾಲಯದ ಓಡಾಟ ನೋಡುತ್ತಿದ್ದ ನಮ್ಮ ಗುಮಾಸ್ತ ಸಿದ್ದಪ್ಪ ಅದನ್ನು ತಿಂಗಳುಗಟ್ಟಲೆ ಆಡಿಕೊಂಡ. "ಮೇಡಮ್ಮೋರ ಕೈಗೆ ಸಿಕ್ರೆ ಜಡ್ಜನ್ನೂ ಜೈಲಿಗೆ ಕಳಿಸ್ಬುಡ್ತಾರೆ ಕಣ್ರೀ." ಸರ್ ಬೈಯಲಿಲ್ಲ. ಕಾರ್ಬನ್ ಹಾಳೆ ಇಟ್ಟು ನಾಲ್ಕು ಪ್ರತಿಯನ್ನೂ ಮೊದಲ ಸಾಲಿನಿಂದ ಮತ್ತೆ ಹೊಡೆಯಲು ಹೇಳಿದರು. ಹೊಡೆದೆ. ಆಮೇಲೆ ಹೆಸರು ತಪ್ಪಲಿಲ್ಲ.

ಟೈಪ್‌ರೈಟರಿನ ಕಾಲದಲ್ಲಿ ಒಂದು ಒಳ್ಳೆಯದಿತ್ತು. ಪ್ರತಿ ಅರ್ಜಿಯ ಪ್ರತಿ ಸಾಲೂ ಬೆರಳಿನ ಮೂಲಕವೇ ಹೋಗಬೇಕಿತ್ತು. ಅರಿವಿಲ್ಲದೆ ಯಾವ ಮಾತೂ ಕಾಗದಕ್ಕೆ ಇಳಿಯುತ್ತಿರಲಿಲ್ಲ. ಕಂಪ್ಯೂಟರ್ ಬಂದ ಮೇಲೆ ಹಳೆಯ ಅರ್ಜಿ ತೆರೆದು, ಹೆಸರು, ತಂದೆಯ ಹೆಸರು, ಠಾಣೆ ಬದಲಾಯಿಸಿ, ಬೇರೆ ಹೆಸರಿನಲ್ಲಿ ಉಳಿಸಿದರೆ ಮುಗಿಯಿತು. ನಿನ್ನೆಯ ಅನ್ನಕ್ಕೆ ಇವತ್ತು ಒಗ್ಗರಣೆ ಹಾಕಿದ ಹಾಗೆ. ಕೆಲಸ ಬೇಗ ಆಗುತ್ತಿತ್ತು. ನನ್ನ ಅಂಚುಗಳ ಅಚ್ಚುಕಟ್ಟು ನೋಡಿ ಸರ್, "ನಿಮ್ಮದಾದ್ರೆ ನಾನು ಓದೋದೇ ಬೇಡ ಕಣಮ್ಮ" ಎಂದು ಸಹಿ ಹಾಕುತ್ತಿದ್ದರು. ನನಗೆ ಹೆಮ್ಮೆ. ಆ ಹೆಮ್ಮೆಯ ಕಥೆಯನ್ನೇ ಈಗ ಹೇಳಬೇಕಾಗಿರುವುದು.

ಸುಧಾ ಬಂದದ್ದು ಒಂದು ಸೋಮವಾರ. ಮೂವತ್ತರ ಹತ್ತಿರದ ಹೆಂಗಸು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಅವೆರಡನ್ನೂ ಬಗ್ಗಿ ಜೋಡಿಸಿ ಒಳಗೆ ಬಂದಳು. ಜೈಲು ಕೇಸಿನವರು ಸಾಮಾನ್ಯವಾಗಿ ಚಪ್ಪಲಿ ಜೋಡಿಸುವ ಸ್ಥಿತಿಯಲ್ಲಿರುವುದಿಲ್ಲ. ಕಾಗದಪತ್ರಗಳು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿದ್ದವು.

ಅವಳ ಗಂಡ ಮಾದೇಶ ಕಡಕೊಳದ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುವವನು. ವಾಸ ರಾಜೀವನಗರದಲ್ಲಿ, ಎರಡನೆಯ ಮಹಡಿಯ ಬಾಡಿಗೆ ಮನೆ. ಅವನ ತಾಯಿ ನಂಜಮ್ಮನಿಗೆ ಎರಡೂ ಕಿಡ್ನಿ ಹೋಗಿ ವಾರಕ್ಕೆ ಮೂರು ದಿನ ಡಯಾಲಿಸಿಸ್. ಮಾದೇಶ ಆ ಮೂರೂ ದಿನ ತಾಯಿಯನ್ನು ಎರಡು ತೋಳಿನಲ್ಲಿ ಎತ್ತಿಕೊಂಡು ಇಕ್ಕಟ್ಟಾದ ಮೆಟ್ಟಿಲಿಳಿಸಿ ಆಟೊಗೆ ಕೂರಿಸಿ, ಆಮೇಲೆ ಪಾಳಿಗೆ ಹೋಗುತ್ತಿದ್ದ. ಕೆಳಮನೆಯ ಲೋಕೇಶ, ವೈರಿಂಗ್ ಕೆಲಸದವನು, ತನ್ನ ಬೈಕನ್ನು ಮೆಟ್ಟಿಲ ಬುಡದಲ್ಲೇ ನಿಲ್ಲಿಸುತ್ತಿದ್ದ. ರಸ್ತೆಯಲ್ಲಿಟ್ಟರೆ ಕಳುವಾಗುತ್ತದೆ ಎಂಬುದು ಅವನ ಮಾತು. ಹತ್ತು ತಿಂಗಳು ಅದೇ ಜಗಳ. ಒಂದು ಬೆಳಿಗ್ಗೆ ಅವನು ಆಗಷ್ಟೇ ಓಡಿಸಿ ತಂದು ನಿಲ್ಲಿಸಿದ್ದ ಬೈಕಿನ ಬಿಸಿ ಹೊಗೆಕೊಳವೆಗೆ ನಂಜಮ್ಮನ ಕಾಲು ತಗುಲಿ ಸುಟ್ಟಿತು. ಮಾದೇಶ ತಾಯಿಯನ್ನು ಆಟೊದಲ್ಲಿ ಕೂರಿಸಿ, ವಾಪಸ್ಸು ಬಂದು, ಅಲ್ಲೇ ಬಿದ್ದಿದ್ದ ಕಬ್ಬಿಣದ ಸಲಾಕೆಯಿಂದ ಲೋಕೇಶನಿಗೆ ಹೊಡೆದ. ಒಂದೇಟು ತಲೆಗೆ, ಒಂದೇಟು ಬಲಗೈಯ ಮಣಿಕಟ್ಟಿಗೆ. ಕೊಲೆಯತ್ನದ ಕೇಸಾಯಿತು.

"ಆರೋಪಿಯು ನಿರಪರಾಧಿಯಾಗಿದ್ದು" ಎಂಬುದು ನಮ್ಮ ಎಲ್ಲ ಅರ್ಜಿಗಳ ಎರಡನೆಯ ಪ್ಯಾರಾ. ಅದನ್ನು ಎಷ್ಟು ಸಲ ಹೊಡೆದಿದ್ದೇನೋ ದೇವರೇ ಬಲ್ಲ. ಅಂದು ಹೊಡೆಯುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದ ಸುಧಾ, ನಾನು ಕೇಳದಿದ್ದರೂ, ಮೆಲ್ಲಗೆ ಹೇಳಿದಳು:

"ಹೊಡೆದ್ರು ಮೇಡಂ. ನಾನು ಮೇಲಿಂದ ನೋಡ್ತಾನೇ ಇದ್ದೆ. ಎರಡನೇ ಏಟು ಬೇಕಿರ್ಲಿಲ್ಲ."

ನಾನು ಕೈ ನಿಲ್ಲಿಸಲಿಲ್ಲ. ನಮ್ಮ ಕೆಲಸ ಅಂಥದ್ದು.

ಮೊದಲ ಜಾಮೀನು ಅರ್ಜಿ ವಜಾ ಆಯಿತು. ಲೋಕೇಶ ಇನ್ನೂ ಆಸ್ಪತ್ರೆಯಲ್ಲಿದ್ದ, ಪೊಲೀಸರ ತನಿಖೆ ಮುಗಿದಿರಲಿಲ್ಲ; ಸಿಗುವುದಿಲ್ಲವೆಂದು ಸರ್‌ಗೂ ಗೊತ್ತಿತ್ತು. "ವಿಚಾರಣೆ ಶುರುವಾಗಲಿ, ನೋಡಿದವರು ಸಾಕ್ಷಿ ಹೇಳಿ ಹೋಗಲಿ. ಆಮೇಲೆ ಸಾಕ್ಷಿಗಳನ್ನ ಹೆದರಿಸ್ತಾನೆ ಅನ್ನೋ ಮಾತು ನಿಲ್ಲಲ್ಲ. ಆಗ ಇನ್ನೊಂದು ಅರ್ಜಿ ಹಾಕೋಣ" ಎಂದರು. ತಿಂಗಳುಗಳು ಹೋದವು. ಆಗೆಲ್ಲ ನಂಜಮ್ಮನನ್ನು ಸುಧಾ ಮತ್ತು ಆಟೊ ಚಾಲಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಒಬ್ಬರು ಮೇಲೆ ಒಬ್ಬರು ಕೆಳಗೆ ಹಿಡಿದು ಇಳಿಸುತ್ತಿದ್ದರು. ಬೈಕು ಮಾತ್ರ ಅಲ್ಲೇ ಇತ್ತು. ಅದನ್ನು ಓಡಿಸುವ ಕೈ ಈಗ ಇರಲಿಲ್ಲ. ಗಾಳಿ ಇಳಿದ ಚಕ್ರದ ಮೇಲೆ ಅದು ನಿಂತೇ ಇತ್ತು.

ಲೋಕೇಶ ಸಾಕ್ಷಿ ಹೇಳಿದ ದಿನ ಕಡತವೊಂದನ್ನು ತಲುಪಿಸಲು ನಾನು ನ್ಯಾಯಾಲಯಕ್ಕೆ ಹೋಗಿದ್ದೆ. ಪಡಸಾಲೆಯ ಬೆಂಚಿನಲ್ಲಿ ಕೂತಿದ್ದ. ತಲೆಯ ಒಂದು ಕಡೆ ಕೂದಲು ಬೆಳೆದಿರಲಿಲ್ಲ. ಒಳಗೆ ಕೂಗಿದಾಗ ಅವನ ಹೆಂಡತಿ ಮಂಜುಳಾ ಅವನ ಅಂಗಿಯ ತೋಳಿನ ಗುಂಡಿ ಹಾಕಿಕೊಟ್ಟಳು. ಅವನು ಮಗುವಿನ ಹಾಗೆ ಕೈ ಮುಂದೆ ಚಾಚಿದ್ದ; ಬೆರಳುಗಳು ಅರ್ಧ ಮಡಚಿ ಹಾಗೆಯೇ ನಿಂತಿದ್ದವು. ಆ ಗುಂಡಿಯನ್ನು ನಾನು ಮರೆತಿಲ್ಲ. ಹುಡುಗೀ, ಕಕ್ಷಿದಾರರ ಪರವಾಗಿ ಟೈಪ್ ಮಾಡುವಾಗ ಎದುರು ಪಕ್ಷದವರ ಮುಖ ನೋಡದಿದ್ದರೆ ಒಳ್ಳೆಯದು ಎನ್ನುವವರಿದ್ದಾರೆ. ನಾನು ನೋಡಿದ್ದೇ ಒಳ್ಳೆಯದಾಯಿತು ಎಂದುಕೊಳ್ಳುತ್ತೇನೆ.

ನೋಡಿದವರ ಸಾಕ್ಷಿ ಮುಗಿಯಿತು. ಸರ್ ಎರಡನೆಯ ಅರ್ಜಿಗೆ ಅಂಶಗಳನ್ನು ಹೇಳಿದರು. ಸಾಕ್ಷಿಗಳ ಹೇಳಿಕೆ ಆಗಿದೆ. ತಾಯಿಯನ್ನು ನೋಡಿಕೊಳ್ಳಲು ಬೇರೆ ಗಂಡಸರಿಲ್ಲ. ಬಿಡುಗಡೆಯಾದರೆ ಆರೋಪಿ ರಾಜೀವನಗರದ ಕಡೆ ಕಾಲಿಡುವುದಿಲ್ಲ, ಕಡಕೊಳದಲ್ಲಿ ಬೇರೆ ಮನೆ ಮಾಡುತ್ತಾನೆ. ಆ ಮನೆಯನ್ನು ಸುಧಾ ನೋಡಿ ಬಂದಿದ್ದಳು. ಕಾರ್ಖಾನೆಯ ಸಹೋದ್ಯೋಗಿಯೊಬ್ಬರದು.

"ಮೆಟ್ಟಿಲೇ ಇಲ್ಲ ಮೇಡಂ! ಒಂದು ಹೊಸಿಲು ಅಷ್ಟೇ. ರಸ್ತೆಯಿಂದ ಸೀದಾ ಒಳಗೆ. ಅಷ್ಟು ದೂರದಿಂದ ಆಸ್ಪತ್ರೆಗೆ ನಾನೊಬ್ಬಳೇ ಕರ್ಕೊಂಡು ಬರೋಕಾಗಲ್ಲ. ಇವ್ರು ಬಂದ ದಿನಾನೇ ಸಾಮಾನು ಸಾಗಿಸ್ತೀವಿ. ಅತ್ತೆ ಆಗ್ಲೇ ಬಾಗಿಲ ಹತ್ರ ಕೂರೋಕೆ ಜಾಗ ಆರಿಸ್ಕೊಂಡವ್ರೆ, ನೋಡ್ದೇನೇ."

ಮೊದಲ ಸಲ ನಗುತ್ತಾ ಮಾತಾಡಿದ್ದಳು. ನನಗೂ ಹುರುಪು ಬಂತು. ಮೊದಲ ಅರ್ಜಿಯ ಕಡತವನ್ನೇ ಕಂಪ್ಯೂಟರಿನಲ್ಲಿ ತೆರೆದು, ಹೊಸ ಅಂಶಗಳನ್ನು ಮಧ್ಯೆ ಸೇರಿಸಿ, ಅರ್ಧ ಗಂಟೆಯಲ್ಲಿ ಮುಗಿಸಿದೆ. ಅರ್ಜಿಯ ಜೊತೆಗಿನ ಪ್ರಮಾಣಪತ್ರಕ್ಕೆ ಸುಧಾ ಸಹಿ ಹಾಕಬೇಕಿತ್ತು. ಮೇಲೆ ಬರೆದಿರುವುದೆಲ್ಲ ನಿಜ ಎಂದು ಆಣೆ ಮಾಡಿ ಹೇಳುವ ಕಾಗದ ಅದು. ಅವಳು ಓದಲು ಹೊರಟಾಗ ನಾನೇ, "ಎಲ್ಲ ಸರಿ ಇದೆ, ಇಲ್ಲಿ ಹಾಕಿ ಸಾಕು, ಸಿದ್ದಪ್ಪ ಹೊರಟಿದ್ದಾನೆ" ಎಂದು ಬೆರಳಿಟ್ಟು ತೋರಿಸಿದೆ. ಹಾಕಿದಳು. ಸರ್ ಓದದೆ ಸಹಿ ಮಾಡಿದರು.

ಆರನೆಯ ಪ್ಯಾರಾ ಹೀಗಿತ್ತು: ಇದೇ ವಿಷಯವಾಗಿ ಈ ನ್ಯಾಯಾಲಯದಲ್ಲಾಗಲೀ ಬೇರೆ ಯಾವುದೇ ನ್ಯಾಯಾಲಯದಲ್ಲಾಗಲೀ ಈ ಮೊದಲು ಯಾವ ಜಾಮೀನು ಅರ್ಜಿಯನ್ನೂ ಸಲ್ಲಿಸಿರುವುದಿಲ್ಲ.

ಮೊದಲ ಅರ್ಜಿಯಲ್ಲಿ ಅದು ನಿಜ. ಎರಡನೆಯದರಲ್ಲಿ ಸುಳ್ಳು. ಒಂದಕ್ಷರವೂ ಬದಲಾಗದೆ ಸುಳ್ಳಾಗಿತ್ತು. ಬೆಳಿಗ್ಗೆ ಚೆನ್ನಾಗಿದ್ದ ಹಾಲು ಅದೇ ಪಾತ್ರೆಯಲ್ಲಿ ಸಂಜೆಗೆ ಒಡೆಯುತ್ತದಲ್ಲ, ಹಾಗೆ.

ವಾದದ ದಿನ ಸರ್ಕಾರಿ ವಕೀಲರು ಮೊದಲು ತೋರಿಸಿದ್ದೇ ಅದನ್ನು. ವಜಾ ಆದ ಅರ್ಜಿಯನ್ನು ಮುಚ್ಚಿಟ್ಟಿದ್ದಾರೆ, ಆರೋಪಿಯ ಹೆಂಡತಿ ಸುಳ್ಳು ಪ್ರಮಾಣ ಮಾಡಿದ್ದಾರೆ ಎಂದರು. ಸರ್ ಎದ್ದು, "ಸ್ವಾಮಿ, ಇದು ಕಕ್ಷಿದಾರರ ತಪ್ಪಲ್ಲ, ನನ್ನ ಕಚೇರಿಯದು" ಎಂದರಂತೆ. ನ್ಯಾಯಾಧೀಶರು ಅದನ್ನು ಕೇಳಿಸಿಕೊಂಡರು. ಆದರೂ ಅರ್ಜಿ ವಜಾ ಆಯಿತು, ಸರಿಯಾದ ವಿವರದೊಂದಿಗೆ ಮತ್ತೆ ಸಲ್ಲಿಸಬಹುದು ಎಂದು ಬರೆದರು. ಸತ್ಯಾಂಶ ಮರೆಮಾಚಲಾಗಿದೆ ಎಂಬ ಮಾತು ಮಾತ್ರ ಆದೇಶದಲ್ಲಿ ಉಳಿಯಿತು.

ಸಿದ್ದಪ್ಪ ಆ ದಿನ ಏನೂ ತಮಾಷೆ ಮಾಡಲಿಲ್ಲ. ಕಡತ ನನ್ನ ಮೇಜಿನ ಮೇಲಿಟ್ಟು ಹೊರಗೆ ಹೋಗಿ ನಿಂತ. ಸರ್ ಬಂದು ಕೋಟು ಬಿಚ್ಚಿ ಕುರ್ಚಿಗೆ ಹಾಕಿ, "ನಾನು ಓದಬೇಕಿತ್ತು ಕಣಮ್ಮ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಸುಧಾ ಸಂಜೆ ಬಂದಳು. "ನಾನು ಸುಳ್ಳು ಹೇಳ್ದೆ ಅಂತ ಬರೆದವ್ರಂತೆ?"

"ನೀವಲ್ಲ ಸುಧಾ. ನಾನು. ಹಳೇ ಪ್ಯಾರಾ ತೆಗೆಯೋದು ಮರೆತೆ."

"ಸೈನು ನಂದಲ್ವಾ ಮೇಡಂ?" ಎಂದಳು. ಹೊರಟಳು. ಹೋಗುವಾಗ ಚಪ್ಪಲಿಯ ಪಟ್ಟಿ ಹಾಕಿಕೊಳ್ಳದೆ ಎಳೆದುಕೊಂಡೇ ಹೋದಳು.

ಮಾರನೆಯ ದಿನವೇ ಹೊಸ ಅರ್ಜಿ ಸಿದ್ಧವಾಯಿತು. ಈ ಸಲ ನಾನು ಖಾಲಿ ಹಾಳೆ ತೆರೆದು ಮೊದಲಿನಿಂದ ಟೈಪ್ ಮಾಡಿದೆ. ಆದರೆ ನ್ಯಾಯಾಲಯದ ದಿನಗಳು ನಮ್ಮ ಪಶ್ಚಾತ್ತಾಪಕ್ಕೆ ಕಾಯುವುದಿಲ್ಲ. ಸರ್ಕಾರಿ ವಕೀಲರು ಆಕ್ಷೇಪಣೆ ಸಲ್ಲಿಸಲು ಎರಡು ಸಲ ಕಾಲಾವಕಾಶ ಪಡೆದರು. ಅಷ್ಟರಲ್ಲಿ ನ್ಯಾಯಾಧೀಶರಿಗೆ ವರ್ಗವಾಯಿತು. ಪ್ರಭಾರದಲ್ಲಿದ್ದವರು, "ಹೊಸಬರು ಬಂದು ಕೇಳಲಿ" ಎಂದು ಮುಂದಕ್ಕೆ ಹಾಕಿದರು. ಮೂರು ವಾರ, ನಾಲ್ಕು ವಾರ, ಐದು.

ಈ ನಡುವೆ ಆಟೊ ಚಾಲಕನಿಗೆ ಬೆನ್ನುನೋವು ಬಂದು ಮೆಟ್ಟಿಲು ಹತ್ತುವುದನ್ನು ಬಿಟ್ಟ. ನಂಜಮ್ಮನ ಮೂರು ದಿನದ ಡಯಾಲಿಸಿಸ್ ಎರಡಾಯಿತು, ಒಂದೊಂದು ವಾರ ಒಂದಾಯಿತು. ಸುಧಾ ದಿನಾಂಕ ಕೇಳಲು ಬಂದಾಗೆಲ್ಲ ಮನೆಯ ಸುದ್ದಿ ಹೇಳುತ್ತಿದ್ದಳು. ನಾನು ಕೇಳಲೇಬೇಕಿತ್ತು. ಒಂದು ದಿನ ಹೇಳಿದಳು:

"ನಿನ್ನೆ ಮಂಜುಳಾ ಆಚೆ ಬಂದು, ಒಬ್ಬಳೇ ಆ ಬೈಕ್ನ ತಳ್ಳಿ ರಸ್ತೆಗೆ ಹಾಕ್ಬುಟ್ಲು ಮೇಡಂ. ಆಮೇಲೆ ಕುರ್ಚಿಯ ಕೆಳಗಡೆ ಕಾಲು ಹಿಡಿದ್ಲು. ನಾನು ಏನಾದ್ರೂ ಅನ್ನೋಕೆ ಬಾಯಿ ತೆಗೆದ್ರೆ, 'ಏನೂ ಮಾತಾಡ್ಬೇಡ. ನಿನ್ ಗಂಡನ ಮುಖ ನೋಡಿ ಅಲ್ಲ, ಈ ಅಜ್ಜಿ ನರಳೋದು ಕೇಳೋಕಾಗ್ದೆ' ಅಂದ್ಲು. ಅತ್ತೆ ಅವಳ ತಲೆ ಮುಟ್ಟೋಕೆ ಕೈ ಚಾಚಿದ್ರು. ಅವಳು ತಲೆ ಹಿಂದಕ್ಕೆ ಎಳ್ಕೊಂಡ್ಲು. ಆದ್ರೂ ಆಟೊ ತನಕ ಹಿಡಿದ್ಲು."

ಮಂಜುಳಾ ಹಾಗೆ ನಾಲ್ಕು ಸಲ ಹಿಡಿದಳು. ಐದನೆಯ ಸಲ ಬೇಕಾಗಲಿಲ್ಲ.

ನಂಜಮ್ಮ ಹೋದ ದಿನ ಮಾದೇಶನನ್ನು ಮಣ್ಣಿಗೆ ಕರೆತರಲು ಅನುಮತಿ ಕೇಳುವ ಅರ್ಜಿಯನ್ನು ಇಪ್ಪತ್ತು ನಿಮಿಷದಲ್ಲಿ ಟೈಪ್ ಮಾಡಿದೆ. ಅದರಲ್ಲಿ ಒಂದೂ ತಪ್ಪಿರಲಿಲ್ಲ. ಪೊಲೀಸರೊಂದಿಗೆ ನಾಲ್ಕು ಗಂಟೆಯ ಅನುಮತಿ ಸಿಕ್ಕಿತು. ತಾಯಿಯನ್ನು ಅಷ್ಟರಲ್ಲಿ ಕೆಳಗೆ ತಂದು ಮೆಟ್ಟಿಲ ಬುಡದಲ್ಲಿ, ಬೈಕು ನಿಲ್ಲುತ್ತಿದ್ದ ಜಾಗದಲ್ಲೇ ಮಲಗಿಸಿದ್ದರು. ಬೇರೆ ಜಾಗವಿರಲಿಲ್ಲ. ಮಾದೇಶ ಅಲ್ಲೇ ಕುಕ್ಕರಗಾಲಲ್ಲಿ ಕೂತವನು, ಸುಟ್ಟ ಗಾಯದ ಕಲೆಯಿದ್ದ ಕಾಲನ್ನು ಹಿಡಿದುಕೊಂಡು, ಹೊರಡಿ ಎನ್ನುವವರೆಗೂ ಬಿಡಲಿಲ್ಲವಂತೆ. ಲೋಕೇಶನ ಬಾಗಿಲು ಮುಚ್ಚಿತ್ತು. ಒಳಗೆ ಟಿವಿಯ ಸದ್ದು ಮಾತ್ರ ನಿಲ್ಲಿಸಿದ್ದರು ಎಂದಳು ಸುಧಾ.

ಆ ಶನಿವಾರ ಚರ್ಚಿಗೆ ಹೋಗಿ ಪಾಪನಿವೇದನೆ ಮಾಡಿದೆ. ಫಾದರ್ ಎಲ್ಲ ಕೇಳಿ, "ಬೇಕಂತ ಮಾಡಿದ್ದಾ ಅಮ್ಮ?" ಎಂದರು. ಇಲ್ಲ ಎಂದೆ. "ಹಾಗಾದ್ರೆ ಅದು ಪಾಪ ಅಲ್ಲ, ಮರೆವು." ಪಾಪವಾಗಿದ್ದರೆ ಅಲ್ಲೇ ಬಿಟ್ಟು ಬರಬಹುದಿತ್ತು. ಮರೆವನ್ನು ಮನೆಗೆ ತಂದೆ.

ಸರ್ ತಮ್ಮ ರೀತಿಯಲ್ಲಿ ಸಮಾಧಾನ ಹೇಳಿದರು. "ಜಾಮೀನು ಆವತ್ತೇ ಸಿಕ್ಕಿದ್ರೂ ಅವನನ್ನ ಆ ಕಟ್ಟಡದ ಹತ್ರ ಬಿಡ್ತಿರಲಿಲ್ಲ ಕಣಮ್ಮ. ಆ ಮೆಟ್ಟಿಲು ಅವನಿಗೆ ಹೇಗೂ ಇರಲಿಲ್ಲ." ಎರಡು ದಿನ ನಾನು ಆ ಮಾತನ್ನು ಹಿಡಿದುಕೊಂಡಿದ್ದೆ. ಆಮೇಲೆ ಕಡಕೊಳದ ಮನೆ ನೆನಪಾಯಿತು. ಅಲ್ಲಿ ಮೆಟ್ಟಿಲೇ ಇರಲಿಲ್ಲ.

ಹೊಸ ನ್ಯಾಯಾಧೀಶರು ಬಂದು, ಮುಖ್ಯ ಸಾಕ್ಷಿಗಳ ವಿಚಾರಣೆ ಮುಗಿದಿದೆ ಎಂಬ ಕಾರಣಕ್ಕೆ ಜಾಮೀನು ಕೊಟ್ಟರು. ನಂಜಮ್ಮ ಹೋಗಿ ಹತ್ತು ದಿನವಾಗಿತ್ತು.

ನಮ್ಮ ಕಚೇರಿಯಲ್ಲಿ ಒಂದು ಪದ್ಧತಿಯಿತ್ತು. ಜಾಮೀನು ಸಿಕ್ಕ ದಿನ ಒಂದು ಗಂಟೆಯೂ ಹಾಳಾಗಬಾರದೆಂದು, ಆರೋಪಿ ಎಲ್ಲಿ ವಾಸ ಮಾಡುತ್ತಾನೆ ಎಂಬ ಪ್ರಮಾಣಪತ್ರವನ್ನು ಅರ್ಜಿಯ ಜೊತೆಯಲ್ಲೇ ಟೈಪ್ ಮಾಡಿ, ದಿನಾಂಕದ ಜಾಗ ಖಾಲಿ ಬಿಟ್ಟು ಕಡತದಲ್ಲಿ ಇಟ್ಟಿರುತ್ತಿದ್ದೆವು. ಆದೇಶ ಬಂದ ಮಧ್ಯಾಹ್ನ ಸುಧಾ ಬಂದಳು. ನಾನು ಆ ಹಾಳೆಯನ್ನು ತೆಗೆದು, ದಿನಾಂಕ ಬರೆದು ಅವಳ ಮುಂದಿಟ್ಟೆ. ಈ ಸಲ ತಡವಾಗಲಿಲ್ಲವೆಂಬ ಸಮಾಧಾನವೂ ಇತ್ತು ನನಗೆ, ಸುಳ್ಳೇಕೆ ಹೇಳಲಿ.

ಸುಧಾ ಪೆನ್ನು ಮುಟ್ಟಲಿಲ್ಲ. ಹಾಳೆಯನ್ನು ತನ್ನ ಕಡೆ ಎಳೆದುಕೊಂಡು, ಮೊದಲ ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದತೊಡಗಿದಳು. ಸಿದ್ದಪ್ಪ ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತಿದ್ದ. "ತಾಯೀ, ಜೈಲಿಗೆ ಆದೇಶ ಹೊತ್ತಿಗೆ ಮುಟ್ಟದಿದ್ರೆ ನಾಳೆ ಆಗುತ್ತೆ" ಎಂದ. ಸರ್ ಒಳಗಿನಿಂದಲೇ, "ಓದಲಿ ಬಿಡಯ್ಯ" ಎಂದರು.

ಬೆರಳು ನಾಲ್ಕನೆಯ ಸಾಲಿನಲ್ಲಿ ನಿಂತಿತು. ನಾನು ಬಗ್ಗಿ ನೋಡಿದೆ. "ಕಡಕೊಳದ ಸದರಿ ಮನೆಯಲ್ಲಿ ಆರೋಪಿಯು ಪತ್ನಿಯಾದ ನನ್ನೊಂದಿಗೆ ಮತ್ತು ತನ್ನ ತಾಯಿ ನಂಜಮ್ಮನವರೊಂದಿಗೆ ವಾಸವಾಗಿರುತ್ತಾರೆ."

ಆ ಹಾಳೆ ಹೊಡೆದಾಗ ನಂಜಮ್ಮ ಇದ್ದರು. ಎಲ್ಲೂ ನೋಡಲಾಗಲಿಲ್ಲ. ಸಿದ್ದಪ್ಪ ಬ್ಯಾಗನ್ನು ಕೆಳಗಿಟ್ಟ.

"ಬೇರೆ ಟೈಪ್ ಮಾಡಿಕೊಡ್ತೀನಿ, ಹತ್ತೇ ನಿಮಿಷ" ಎಂದೆ. ಕರೆಂಟು ಹೋಗಿ ಆಗಲೇ ಮುಕ್ಕಾಲು ಗಂಟೆಯಾಗಿತ್ತು ಎಂಬುದು ಹೇಳಿದ ಮೇಲೆ ನೆನಪಾಯಿತು.

ಸುಧಾ ತಲೆಯೆತ್ತಲಿಲ್ಲ. ಸಿಟ್ಟೂ ಇರಲಿಲ್ಲ ದನಿಯಲ್ಲಿ. "ಗೆರೆ ಹಾಕಿ ತಿದ್ಬುಡಿ ಮೇಡಂ. ಈ ಸಲ ಸುಳ್ಳಾಗ್ಬಾರ್ದು."

ಸ್ಕೇಲು ಇಟ್ಟು ನಂಜಮ್ಮನ ಹೆಸರಿನ ಮೇಲೆ ಗೆರೆ ಎಳೆದೆ. ಗೆರೆ ನೆಟ್ಟಗೆ ಬಂತು, ಸಿಸ್ಟರುಗಳು ಕಲಿಸಿದ್ದು. ಪ್ರಮಾಣಪತ್ರದಲ್ಲಿ ತಿದ್ದಿದ ಸಾಲಿನ ಪಕ್ಕ ಸಹಿ ಮಾಡುವವರು ತಮ್ಮ ಕೈಯಲ್ಲೇ ಹೆಸರು ಬರೆಯಬೇಕು. ಎಲ್ಲಿ ಎಂದು ಅವಳು ಕೇಳಲಿಲ್ಲ, ನಾನೂ ಬೆರಳಿಟ್ಟು ತೋರಿಸಲಿಲ್ಲ. ಎಡಗಡೆ ಅಂಚಿನಲ್ಲಿ ನಾನು ಬಿಟ್ಟಿದ್ದ ಅಗಲವಾದ ಖಾಲಿ ಜಾಗದಲ್ಲಿ, ಅವಳೇ ನಿಧಾನವಾಗಿ 'ಸುಧಾ' ಎಂದು ಬರೆದಳು. ಬರೆದು, ಉಳಿದ ಸಾಲುಗಳನ್ನು ಓದಲು ಬೆರಳನ್ನು ಕೆಳಗಿಳಿಸಿದಳು.